ವಾರಕ್ಕೆ ಒಂದೇ ಹೋಂವರ್ಕ್, ಅದನ್ನು ಓದಿ ಕೊಡಿ

ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಯ ಊರುಗಳಲ್ಲಾಗಲಿ ಭಾನುವಾರದ ಸಣ್ಣ ತರಗತಿಗಳು ಹೊಸವೇನಲ್ಲ. ಗುಡಿಯ ಪೌಳಿ, ಸಮುದಾಯ ಭವನ, ಗ್ರಂಥಾಲಯದ ಮೂಲೆ, ನಿವೃತ್ತ ಮಾಸ್ತರರ ಮನೆಯ ಪಡಸಾಲೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಹತ್ತು ಹನ್ನೆರಡು ಮಕ್ಕಳು ಕೂರುತ್ತಾರೆ. ಹೆಚ್ಚಿನವರು ಬರುವುದು ಗಣಿತಕ್ಕೆ, ಇಂಗ್ಲಿಷಿಗೆ, ನವೋದಯ ಮತ್ತು ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆಗೆ. ಸಾಹಿತ್ಯ, ಇತಿಹಾಸ, ಪದಸಂಪತ್ತು ಎಂದು ಮಕ್ಕಳನ್ನು ಕೂಡಿಸುವವರು ಕಡಿಮೆ. ಆ ಕೆಲವರಿಗಾಗಿಯೇ ಈ ವಾರದ ಅಂಕಣ.

ನನ್ನ ಮಾತು ಇಷ್ಟೇ. ವಾರಕ್ಕೆ ಒಂದೇ ಹೋಂವರ್ಕ್ ಕೊಡಿ. ಗೈಡ್ ನೋಡಿ ಬರೆಯಲು ಬಾರದಂಥದ್ದು ಕೊಡಿ. ಮುಂದಿನ ಭಾನುವಾರ ಪ್ರತಿ ಮಗುವಿನ ಬರಹವನ್ನೂ ಓದಿ, ಕೆಳಗೆ ನಿಮ್ಮ ಕೈಯಿಂದ ಒಂದು ಸಾಲು ಬರೆದು ಮರಳಿಸಿ. ಓದುವಷ್ಟು ಪುರುಸೊತ್ತಿಲ್ಲದ ವಾರ ಹೋಂವರ್ಕೇ ಬೇಡ.

ಪಾಲಕರು ಇದಕ್ಕೆ ಒಪ್ಪುವುದು ಕಷ್ಟ. "ಸರ, ಹೋಂವರ್ಕ್ ಜಾಸ್ತಿ ಕೊಡ್ರಿ, ಹುಡುಗ ಮನಿಯಾಗ ಪುಸ್ತಕ ಮುಟ್ಟವಲ್ಲ" ಎಂಬ ಮಾತನ್ನು ಪಾಠ ಹೇಳುವ ಯಾರನ್ನು ಕೇಳಿದರೂ ಹೇಳಿಯಾರು. ಅವರ ಆತಂಕ ನಿಜವಾದದ್ದು. ಆದರೆ ಹತ್ತು ಪುಟ ಪ್ರಶ್ನೋತ್ತರ ಇಳಿಸಿಕೊಂಡು ಬಂದ ಮಗು ಓದಿದೆ ಎಂದು ತಿಳಿಯುವುದು ತಪ್ಪು. ಅದರ ಕೈ ದಣಿದಿರುತ್ತದೆ, ಅಷ್ಟೇ. 1989ರಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣದಲ್ಲಿಯೇ ಮಕ್ಕಳ ಬೆನ್ನಿನ ಚೀಲ ಮತ್ತು ಸಂಜೆಯ ಹೊರೆಯ ಬಗ್ಗೆ ಮಾತಾಡಿದರು. ಅದರ ಫಲವಾಗಿ ಯಶಪಾಲ್ ಸಮಿತಿ ರಚನೆಯಾಗಿ 1993ರಲ್ಲಿ ವರದಿ ಕೊಟ್ಟಿತು. 2020ರ ಶಾಲಾ ಚೀಲ ನೀತಿ ಇನ್ನೂ ಸ್ಪಷ್ಟವಾಗಿದೆ: ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ, ಮೂರರಿಂದ ಐದಕ್ಕೆ ವಾರಕ್ಕೆ ಎರಡು ತಾಸು ಮೀರಬಾರದು, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ತಾಸು. ಶಾಲೆಯ ಪಾಲೇ ಇಷ್ಟಿರುವಾಗ ಭಾನುವಾರದ ತರಗತಿ ಅದರ ಮೇಲೆ ಇನ್ನೊಂದು ಶಾಲೆಯ ಹೊರೆ ಹೇರುವುದು ನ್ಯಾಯವಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಕಾರಣ ಒಂದಿದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ರಾಜ್ಯದ ಸರಾಸರಿ 75ರ ಮೇಲಿತ್ತು. ನಮ್ಮ ಕೆಳಗೆ ಇದ್ದದ್ದು ಯಾದಗಿರಿ ಒಂದೇ. ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ. ಅಂದು ಅಕ್ಷರ ಸಿಗದ ಆ ಹುಡುಗಿಯರಲ್ಲಿ ಎಷ್ಟೋ ಜನ ಇಂದು ತಾಯಂದಿರು. "ಮನೆಯಲ್ಲಿ ದೊಡ್ಡವರನ್ನು ಕೇಳಿ ಉತ್ತರ ಬರೆದು ತಾ" ಎಂದರೆ ಒಂದು ಮಗುವಿಗೆ ಅಪ್ಪ ಬರೆದುಕೊಡುತ್ತಾನೆ, ಇನ್ನೊಂದಕ್ಕೆ ಟ್ಯೂಷನ್ ಅಕ್ಕ, ಮೂರನೆಯದು ಖಾಲಿ ಹಾಳೆ ಹಿಡಿದು ಬಂದು ತಲೆತಗ್ಗಿಸಿ ನಿಲ್ಲುತ್ತದೆ. ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡದ ಹಳ್ಳಿಯಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ನಡೆಸುತ್ತಿದ್ದ ಪುಟ್ಟ ಶಾಲೆಯ ಎಂಟು ಹುಡುಗರು 1967ರಲ್ಲಿ ತಮ್ಮನ್ನು ನಪಾಸು ಮಾಡಿದ ಶಿಕ್ಷಕಿಗೆ ಬರೆದ ಪತ್ರ ಪುಸ್ತಕವಾಗಿ ಬಂತು. ಓದು ಬಲ್ಲವರ ಮನೆಯ ಮಕ್ಕಳಿಗೆ ಮನೆಯೇ ಪಾಠ ಮುಂದುವರಿಸುತ್ತದೆ, ರೈತರ ಮಕ್ಕಳನ್ನು ಶಾಲೆ ಅಲ್ಲಿಗೇ ಕೈಬಿಡುತ್ತದೆ ಎಂಬುದು ಅವರ ದೂರಾಗಿತ್ತು. ದೇವದುರ್ಗದ ಯಾವುದೇ ದೊಡ್ಡಿಯಲ್ಲಿ, ತಾಂಡಾದಲ್ಲಿ ನಿಂತು ನೋಡಿದರೆ ಆ ದೂರು ನಮ್ಮದೇ ಎನಿಸುತ್ತದೆ.

ಹಾಗಾದರೆ ಅಕ್ಷರ ಬಾರದ ಮನೆಯೂ ನೆರವಾಗಬಲ್ಲ ಹೋಂವರ್ಕ್ ಯಾವುದು? ಬರೆಯುವುದು ಮಗುವಿನ ಕೆಲಸ, ಹೇಳುವುದು ಮನೆಯವರ ಕೆಲಸ, ನೋಡಿ ಬರುವುದು ಕಾಲಿನ ಕೆಲಸ ಎಂಬಂಥದ್ದು. ನಮ್ಮ ಜಿಲ್ಲೆ ಅದಕ್ಕೆ ಹೇಳಿ ಮಾಡಿಸಿದ ನೆಲ.

ಇತಿಹಾಸದಿಂದ ಶುರು ಮಾಡುತ್ತೇನೆ, ನನಗೆ ಹೆಚ್ಚು ಪ್ರೀತಿ ಅದರ ಮೇಲೆ. 1520ರ ರಾಯಚೂರು ಯುದ್ಧ ಎಲ್ಲ ಮಕ್ಕಳಿಗೂ ಗೊತ್ತು. ಕೃಷ್ಣದೇವರಾಯ ಗೆದ್ದ, ಇಸ್ಮಾಯಿಲ್ ಆದಿಲ್ ಶಾ ಸೋತ, ಕೋಟೆ ವಿಜಯನಗರದ ಪಾಲಾಯಿತು. ಎರಡು ಅಂಕದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆ ಯುದ್ಧವನ್ನು ವಿವರವಾಗಿ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಸ್. ರಾಬರ್ಟ್ ಸಿವೆಲ್ 1900ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ. ನೂನಿಸ್ ಕೊಡುವ ಲೆಕ್ಕದಲ್ಲಿ ರಾಯನ ಕಾಲಾಳು 7,03,000, ಕುದುರೆ 32,600, ಆನೆ 551. ಈ ಒಂದು ಸಾಲನ್ನು ಹಲಗೆಯ ಮೇಲೆ ಬರೆದು ಹನ್ನೆರಡು ಮಕ್ಕಳಿಗೆ ಕೇಳಿ: ಇಷ್ಟು ಜನಕ್ಕೆ ಒಂದು ದಿನದ ಊಟ ಎಷ್ಟು?

ವಾರದ ಹೋಂವರ್ಕ್ ಅದೇ. ಮಗು ಮನೆಯಲ್ಲಿ ಕೇಳಬೇಕು: ದುಡಿಯುವ ಆಳಿಗೆ ದಿನಕ್ಕೆ ಜೋಳ ಎಷ್ಟು ಬೇಕು? ರೊಟ್ಟಿ ಬಡಿಯುವ ತಾಯಿಗಿಂತ ಚೆನ್ನಾಗಿ ಈ ಉತ್ತರ ಬಲ್ಲವರು ಯಾರಿದ್ದಾರೆ? ಅರ್ಧ ಕಿಲೊ ಎಂದೇ ಹಿಡಿಯೋಣ. ಕಾಲಾಳಿಗೆ ಮಾತ್ರ ದಿನಕ್ಕೆ 3,515 ಕ್ವಿಂಟಲ್ ಜೋಳ ಬೇಕು. ಎತ್ತಿನ ಬಂಡಿಗೆ ಹತ್ತು ಕ್ವಿಂಟಲ್ ಹೇರಿದರೂ 350ಕ್ಕೂ ಹೆಚ್ಚು ಬಂಡಿ, ದಿನಾಲೂ. ಕುದುರೆಗೆ ಹುರುಳಿ ಬೇರೆ, ಆನೆಗೆ ಮೇವು ಬೇರೆ. ನೀರು? ನೂನಿಸ್ ಹೇಳುವಂತೆ ಅದು ಮೇ ತಿಂಗಳು, ಅಂದರೆ ರಾಯಚೂರಿನ ಬಿಸಿಲು. ಕೃಷ್ಣೆ ಎಷ್ಟು ದೂರ, ಬಾವಿಗಳಲ್ಲಿ ಎಷ್ಟು ನೀರಿದ್ದೀತು? ರಾಜೇಂದ್ರಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಅಪ್ಪನಿದ್ದರೆ ಲಾರಿಗೆ ಎಷ್ಟು ಚೀಲ ಹಿಡಿಯುತ್ತದೆಂದು ಅವನೇ ಹೇಳುತ್ತಾನೆ. ಭಾನುವಾರ ಹನ್ನೆರಡು ಲೆಕ್ಕಗಳು ಬರುತ್ತವೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ: ನೂನಿಸ್ ಬರೆದದ್ದನ್ನು ನಂಬೋಣವೇ? ಅವನು ವಿಜಯನಗರಕ್ಕೆ ಬಂದದ್ದು 1535ರ ಸುಮಾರಿಗೆ, ಯುದ್ಧ ನಡೆದ ಹದಿನೈದು ವರ್ಷದ ಮೇಲೆ. ಅಂದರೆ ಕಂಡು ಬರೆದದ್ದಲ್ಲ, ಕೇಳಿ ಬರೆದದ್ದು. ಆದರೂ ಅವನನ್ನು ಬಿಟ್ಟರೆ ಇಷ್ಟು ವಿವರ ಕೊಡುವವರು ಅಪರೂಪ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಏಳನೇ ತರಗತಿಯ ಹುಡುಗಿಯೊಬ್ಬಳು ಈ ಪ್ರಶ್ನೆಯ ಮುಂದೆ ಹತ್ತು ನಿಮಿಷ ಕೂತರೆ ಅವಳು ಇತಿಹಾಸಕಾರರ ಕೆಲಸವನ್ನೇ ಮಾಡಿದಂತೆ.

ನಗರದ ಮಕ್ಕಳಿಗೆ ಇನ್ನೊಂದು ವಾರ ಕೋಟೆ. 1294ರಲ್ಲಿ ಕಾಕತೀಯರ ಕಾಲದಲ್ಲಿ ಕಟ್ಟಿದ ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ ತೆಲುಗು ಶಾಸನವಿದೆ. ಅಂಥ ಬಂಡೆಯನ್ನು ಬಂಡಿಗೆ ಹೇರಿ ಜಾನುವಾರುಗಳ ಸಾಲು ಎಳೆದು ತರುವ ಗೆರೆಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಕೆತ್ತಿದ್ದಾರೆ. ಕಟ್ಟಿದವರು ತಮ್ಮ ಕೆಲಸದ ಕ್ರಮವನ್ನು ತಾವೇ ದಾಖಲಿಸಿದ ಇಂಥ ಉದಾಹರಣೆ ಎಷ್ಟು ಕಡೆ ಸಿಕ್ಕೀತು? ಆ ಚಿತ್ರವನ್ನು ನೋಡಿ ತಾವೇ ಬಿಡಿಸಿಕೊಂಡು ಬರಲಿ, ಮೊಬೈಲ್ ಫೋಟೊ ಬೇಡ. ಬಿಡಿಸುವಾಗ ಮಾತ್ರ ಕಣ್ಣು ಎಣಿಸುತ್ತದೆ. ಬರುವ ದಾರಿಯಲ್ಲಿ ಏಕ್ ಮಿನಾರ್ ಮಸೀದಿ ನೋಡಿ ಬಂದರೆ ಇನ್ನೂ ಒಳ್ಳೆಯದು. ಮಸ್ಕಿಯ ಅಶೋಕ ಶಾಸನವಂತೂ ಒಂದು ದಿನದ ಪ್ರವಾಸಕ್ಕೇ ತಕ್ಕದ್ದು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಅದು ಬಿತ್ತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಕಲ್ಲಿನ ಮೇಲೆಯೇ ಹೆಸರು ಹಿಡಿದು ತೋರಿಸಿಕೊಟ್ಟದ್ದು ನಮ್ಮ ಜಿಲ್ಲೆಯ ಆ ಬಂಡೆ.

ಮನೆಯ ಹಿರಿಯರ ಇತಿಹಾಸ ಎಂದರೆ ಎಚ್ಚರದಿಂದ ಹೆಜ್ಜೆ ಇಡಬೇಕು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ, ಇಂದಿನ ಕರ್ನಾಟಕದೊಳಗೆ ನಾವು ಸೇರಿದ್ದು 1956ರ ನವೆಂಬರ್ 1ಕ್ಕೆ. ನಿಜಾಮರ ಪರ ಪಡೆಯಾಗಿದ್ದ ರಜಾಕಾರರ ದಿನಗಳನ್ನು ಕಂಡವರು ಈಗ ಎಂಬತ್ತೈದು ದಾಟಿದವರು. ಹತ್ತು ವರ್ಷದ ಮಗುವಿನ ಕೈಯಲ್ಲಿ ಪ್ರಶ್ನೆಪಟ್ಟಿ ಕೊಟ್ಟು ಆ ಗಾಯ ಕೆದಕಿಸುವುದು ಸಲ್ಲದು. ಅದರ ಬದಲು ಶಾಲೆಯ ಬಗ್ಗೆ ಕೇಳಿಸಿ: "ತಾತ, ನೀವು ಯಾವ ಭಾಷೆಯಲ್ಲಿ ಅಕ್ಷರ ಕಲಿತಿರಿ? ಮಾಸ್ತರು ಯಾರು? ಬರೆಯಲು ಏನಿತ್ತು?" ನಿಜಾಮರ ಆಳ್ವಿಕೆಯಲ್ಲಿ ಸರ್ಕಾರಿ ಶಾಲೆಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಅದೇ. ಆ ಹೊತ್ತಿನಲ್ಲಿ ಮಂಗಳೂರಿನಿಂದ ಬಂದ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ತಾತನ ಉತ್ತರದಲ್ಲಿ ಈ ಇಡೀ ಕಾಲ ಬಂದು ನಿಲ್ಲುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ. ತಾತ ತಾನಾಗಿ ಮುಂದೆ ಹೇಳಿದರೆ ಮಗು ಕೇಳಲಿ.

ಸಾಹಿತ್ಯದ ಪಾಠಕ್ಕೆ ಮಾನ್ವಿಯಷ್ಟು ಶ್ರೀಮಂತ ಸೀಮೆ ಕಡಿಮೆ. ತುಂಗಭದ್ರೆಯ ದಡದ ಚೀಕಲಪರ್ವಿ ವಿಜಯದಾಸರದು. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು ಜಗನ್ನಾಥದಾಸರು. ಅತ್ತ ದೇವದುರ್ಗದ ಮೊಸರಕಲ್ಲಿನವರು ಗೋಪಾಲದಾಸರು. ಮಕ್ಕಳಿಗೆ ಈ ಹರಿದಾಸರು ಜನನ, ಮರಣ, ಅಂಕಿತನಾಮಗಳ ಪಟ್ಟಿಯಾಗಿ ಮಾತ್ರ ಪರಿಚಯ. ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಹತ್ತು ವರ್ಷದ ಮಗುವಿಗೆ ಅದರ ತತ್ವ ಭಾರವಾಗುತ್ತದೆ, ಅದನ್ನು ಹೇರಲು ಹೋಗಬಾರದು. ಆದರೆ ಭಾಮಿನಿಯ ನಡೆ ಯಾವ ಮಗುವಿಗೂ ಸಿಗುತ್ತದೆ: ಮೂರು ನಾಲ್ಕು, ಮೂರು ನಾಲ್ಕು. ತರಗತಿಯಲ್ಲಿ ಚಪ್ಪಾಳೆ ತಟ್ಟಿ ಹಿಡಿಸಿ. ಹೋಂವರ್ಕ್ ಎಂದರೆ ಹದಿನಾಲ್ಕು ಮಾತ್ರೆಯ ಒಂದೇ ಒಂದು ಸಾಲು, ತಾನು ಕಂಡದ್ದರ ಬಗ್ಗೆ, ತನ್ನದೇ ಮಾತಿನಲ್ಲಿ. "ಮಾನ್ವಿ ಬಸ್ಸಿನ ಕಿಟಕಿ ಬದಿಯಲಿ" ಎಂದು ಬರೆದುಕೊಂಡು ಬಂದರೆ ಸಾಕು, ಲೆಕ್ಕ ಸರಿಯಾಗಿದೆ. ಲಘು ಗುರು ಹಾಕುವುದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರು ಮರೆಯುತ್ತಾರೆ, ಒಂದು ಸಾಲು ಕಟ್ಟಿದವರು ಮರೆಯುವುದಿಲ್ಲ.

ಮರುವಾರ ಕಾಯಕದ ವಚನ ಬರೆದ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿ. ಅವರ ಊರಾದ ಅಮರೇಶ್ವರವೂ ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲೇ ಇದೆ. ಒಂದು ವಚನವನ್ನು ಮನೆಯಲ್ಲಿ ಯಾರಿಗಾದರೂ ಎರಡು ಸಲ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ಎಲ್ಲಿ ತಡೆದು "ಹಂಗಂದ್ರೇನು?" ಎಂದರು ಎಂಬುದನ್ನಷ್ಟೇ ಬರೆದು ತರಬೇಕು. ಓದಲು ಬಾರದ ಅಜ್ಜಿಯ ಪ್ರಶ್ನೆ ಎಷ್ಟೋ ಸಲ ವಿಮರ್ಶಕರ ಪ್ರಶ್ನೆಗಿಂತ ನೇರವಾಗಿರುತ್ತದೆ. ಮೊಹರಂ ಹತ್ತಿರವಿದ್ದರೆ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದ ಕೇಳಿ ಬರಲಿ. ಕನ್ನಡದ ಗಜಲ್‌ಗೆ ದಾರಿ ಹಾಕಿದ ಶಾಂತರಸರೂ ಈ ಜಿಲ್ಲೆಯವರೇ ಎಂಬುದು ಹೈಸ್ಕೂಲ್ ಮಕ್ಕಳಿಗೆ ತಿಳಿಯಬೇಕು. ಮಕ್ಕಳಿಗಾಗಿ ಪದ್ಯ, ಪಾಠ ಬರೆದ ಪಂಜೆ ಮಂಗೇಶರಾಯರು 1934ರಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಬಂದು ಕೂತದ್ದು ಇದೇ ರಾಯಚೂರಿನಲ್ಲಿ. ಆ ನೆನಪಿಗಾದರೂ ನಮ್ಮ ಮಕ್ಕಳ ಕನ್ನಡ ತರಗತಿ ಹಾಡಿನಿಂದ ಶುರುವಾಗಲಿ.

ಇನ್ನು ಪದಗಳು. ಪದಸಂಪತ್ತು ಎಂದರೆ ಸಮಾನಾರ್ಥಕ, ವಿರುದ್ಧಾರ್ಥಕಗಳ ಪಟ್ಟಿ ಉರು ಹೊಡೆಸುವುದು ಎಂದು ನಾವು ನಂಬಿಬಿಟ್ಟಿದ್ದೇವೆ. ಸೂರ್ಯನಿಗೆ ಐದು ಹೆಸರು ಹೇಳುವ ಮಗುವಿಗೆ ತನ್ನ ಹೊಲದ ಮಣ್ಣು ಎರೆಯೋ ಮಸಾರಿಯೋ ಗೊತ್ತಿಲ್ಲದಿದ್ದರೆ ಅದೆಂಥ ಸಂಪತ್ತು? ಇಂಗ್ಲಿಷಿನ ದೊಡ್ಡ ಆಕ್ಸ್‌ಫರ್ಡ್ ನಿಘಂಟಿಗಾಗಿ ಜೇಮ್ಸ್ ಮರ್ರೆ 1879ರಲ್ಲಿ ಜನಸಾಮಾನ್ಯರಿಗೆ ಕರೆ ಕೊಟ್ಟ. ಓದುವಾಗ ಸಿಕ್ಕ ಪದವನ್ನು, ಅದು ಬಂದ ವಾಕ್ಯದ ಸಮೇತ, ಒಂದು ಚೀಟಿಯಲ್ಲಿ ಬರೆದು ಕಳಿಸಿ ಎಂದ. ಲಕ್ಷಗಟ್ಟಲೆ ಚೀಟಿ ಬಂದವು, ನಿಘಂಟು ಪೂರ್ತಿಯಾದದ್ದು 1928ಕ್ಕೆ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನ ಹಿಂದೆಯೂ ಹಲವು ದಶಕಗಳ ಕೆಲಸವಿದೆ. ದೇವದುರ್ಗದ ತರಗತಿಯೂ ಚೀಟಿ ಬರೆಯಬಹುದು. ವಾರಕ್ಕೆ ಐದೇ ಚೀಟಿ. ಪದ, ಹೇಳಿದವರು ಯಾರು, ಏನು ಮಾಡುತ್ತ ಹೇಳಿದರು, ಆ ಇಡೀ ಮಾತು. ಒಂದು ವಾರ ಕೂರಿಗೆ, ಕುಂಟೆ. ಒಂದು ವಾರ ಅಡುಗೆ ಮನೆ. ಒಂದು ವಾರ ಹಳ್ಳ, ಕೆರೆ, ಕಾಲುವೆ. ತಾಂಡಾದ ಮಗು ಲಂಬಾಣಿ ಪದ ತರಲಿ, ಗಡಿ ಕಡೆಯ ಮಗು ತೆಲುಗು, ಉರ್ದು ಮನೆಯ ಮಗು ದಖ್ಖನಿ, ಎಲ್ಲವೂ ಕನ್ನಡ ಅಕ್ಷರದಲ್ಲಿ. "ಮನಿ" ಎಂದು ಅಜ್ಜಿ ಹೇಳಿದ್ದನ್ನು "ಮನಿ" ಎಂದೇ ಬರೆದ ಮಗುವಿನ ಹಾಳೆಗೆ ಕೆಂಪು ಗೆರೆ ಎಳೆಯಬಾರದು. ತನ್ನ ಮಾತಿನಲ್ಲಿ ಬರೆಯುವಾಗ "ಮನೆ", ಅಜ್ಜಿಯ ಮಾತು ಬರೆಯುವಾಗ "ಮನಿ". ಈ ವ್ಯತ್ಯಾಸ ಮಕ್ಕಳು ಒಂದೇ ವಾರದಲ್ಲಿ ಹಿಡಿಯುತ್ತಾರೆ.

ಹತ್ತಿಯ ಮಾತು ಬಂದರೆ ಮಾತ್ರ ನಿಂತು ಯೋಚಿಸಬೇಕು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ, ಆಮೇಲೆ ಮೆಣಸಿನಕಾಯಿ ಹರಿಯುವ ತಿಂಗಳುಗಳಲ್ಲಿ, ದೇವದುರ್ಗ ಮಾನ್ವಿಯ ರಸ್ತೆಗಳಲ್ಲಿ ಬೆಳಗ್ಗೆ ಟಂಟಂ, ಗೂಡ್ಸ್ ಗಾಡಿಗಳ ತುಂಬ ಕೂಲಿಯವರ ನಡುವೆ ಮಕ್ಕಳೂ ಕೂತಿರುವುದನ್ನು ಕಾಣದವರಿಲ್ಲ. ಅದು ಕಾನೂನಿಗೆ ವಿರುದ್ಧ, ಮಕ್ಕಳು ಇರಬೇಕಾದದ್ದು ಶಾಲೆಯಲ್ಲಿ. ಇದನ್ನು ಪ್ರತಿ ಹಂಗಾಮಿನಲ್ಲೂ ಗಟ್ಟಿಯಾಗಿ ಹೇಳಬೇಕು, ಅಧಿಕಾರಿಗಳನ್ನು ಕೇಳಬೇಕು. ಆದ್ದರಿಂದ "ಹೊಲಕ್ಕೆ ಹೋಗಿ ಹತ್ತಿಯ ಪದ ತಾ" ಎಂಬ ಹೋಂವರ್ಕ್ ಯಾರೂ ಕೊಡಕೂಡದು. ಆದರೆ ಭಾನುವಾರ ತರಗತಿಗೆ ಬಂದ ಮಗು ಹಿಂದಿನ ದಿನ ಹೊಲದಲ್ಲಿತ್ತು ಎಂದು ತಿಳಿದರೆ ಅದರ ಹೋಂವರ್ಕ್ ಆಗಲಿಲ್ಲವೆಂದು ಬಯ್ಯುವ ಬದಲು, ಅವತ್ತಿನ ಐದು ಚೀಟಿಯನ್ನು ಅಲ್ಲೇ ಕೂತು ಬರೆಯಲು ಹೇಳಿ. ಬಯ್ದರೆ ಮುಂದಿನ ವಾರ ಅದು ಬರುವುದಿಲ್ಲ. ಆ ಮಗುವಿನ ಮನೆಗೆ ಹೋಗಿ ಅಪ್ಪ ಅವ್ವನ ಜೊತೆ ಮಾತಾಡುವುದು ಮಾಸ್ತರರ ಕೆಲಸ, ಮಗುವಿನದಲ್ಲ.

ಗುಳೆ ಹೋಗುವ ಮಕ್ಕಳಿಗೆ ಬೇರೆಯೇ ವ್ಯವಸ್ಥೆ ಬೇಕು. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡ ಕೆಲಸಕ್ಕೆ ಮನೆಗೆ ಬೀಗ ಹಾಕಿ ಹೊರಡುವ ಕುಟುಂಬಗಳಲ್ಲಿ ಅಜ್ಜಿಯ ಬಳಿ ಉಳಿಯುವ ಮಕ್ಕಳು ಕೆಲವರು, ಜೊತೆಗೆ ಹೋಗುವವರು ಹಲವರು. ಹೋಗುವ ಮಗುವಿನ ಚೀಲದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇಡಿ. ವಾರಕ್ಕೆ ಒಂದು ಪುಟ: ಈ ವಾರ ಕೇಳಿದ ಹೊಸ ಮಾತು, ಶೆಡ್ಡಿನ ಪಕ್ಕದವರ ಊರು ಯಾವುದು, ಅವರ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ. ಕರಣಿ, ಸೆಂಟ್ರಿಂಗ್, ಹಾಜರಿ, ಬಟವಾಡೆ, ಇವನ್ನು ಆ ಮಗು ಹೇಗೂ ಕಲಿಯುತ್ತದೆ. ಅಕ್ಷರದಲ್ಲಿಡುವ ಅಭ್ಯಾಸ ತಪ್ಪದಿದ್ದರೆ ಮರಳಿ ಬಂದಾಗ ತರಗತಿಯಲ್ಲಿ ಹಿಂದೆ ಬಿದ್ದ ಮಗುವಾಗಿ ಕೂರುವುದಿಲ್ಲ. ಅಪ್ಪನ ಮೊಬೈಲಿನಿಂದ ಪುಟದ ಫೋಟೊ ಕಳಿಸಿದರೆ ಮಾಸ್ತರರು ಅವತ್ತೇ ಒಂದು ಸಾಲು ಉತ್ತರ ಬರೆಯಲಿ.

ಆ ಒಂದು ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. "ಉತ್ತಮ", "ಗುಡ್", ಕೆಂಪು ಟಿಕ್ಕು, ಇವು ಓದಿದ್ದಕ್ಕೆ ಸಾಕ್ಷಿಯಲ್ಲ. "ಆನೆಯ ಮೇವಿನ ಲೆಕ್ಕ ನೀನೊಬ್ಬಳೇ ಹಾಕಿದ್ದೀ, ಆ ಅಂಕಿ ಯಾರು ಹೇಳಿದರು?" ಎಂದು ಬರೆದರೆ ಮಗುವಿಗೆ ತಿಳಿಯುತ್ತದೆ, ಇದನ್ನು ಒಬ್ಬರು ಕೂತು ಓದಿದ್ದಾರೆ ಎಂದು. ಕಾಗುಣಿತದ ತಪ್ಪು ಎಲ್ಲವನ್ನೂ ಒಮ್ಮೆಗೇ ತಿದ್ದುವುದು ಬೇಡ. ಈ ವಾರ ಒತ್ತಕ್ಷರ ಮಾತ್ರ, ಮುಂದಿನ ವಾರ ದೀರ್ಘ ಮಾತ್ರ. ಹನ್ನೆರಡು ಹಾಳೆ, ಒಂದಕ್ಕೆ ಐದು ನಿಮಿಷ, ಒಟ್ಟು ಒಂದು ತಾಸು. ಐವತ್ತು ಅರವತ್ತು ಮಕ್ಕಳ ತರಗತಿ, ಬಿಸಿಯೂಟದ ಲೆಕ್ಕ, ಸಮೀಕ್ಷೆಯ ಕೆಲಸ ಹೊತ್ತ ಶಾಲಾ ಶಿಕ್ಷಕರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ. ಸಣ್ಣ ತರಗತಿಗೆ ಮಾತ್ರ ಸಾಧ್ಯವಾದ ಕೆಲಸ ಇದು, ಹಾಗಾಗಿ ಸಣ್ಣ ತರಗತಿ ಇದನ್ನೇ ಮಾಡಬೇಕು. ಮೂವತ್ತು ಮಕ್ಕಳಾದರೆ ತರಗತಿ ಎರಡಾಗಲಿ.

ಜಾಗದ ತೊಂದರೆಗೆ ಒಂದು ದಾರಿ ಇದೆ. 2020ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳು ಉಚಿತವಾಗಿ ಸದಸ್ಯರಾಗಬಹುದು. ಈಗ ಅವೇ ಅರಿವು ಕೇಂದ್ರಗಳಾಗಿವೆ. ಅಲ್ಲಿ ಒಂದು ಮೇಜು, ಒಂದು ಕನ್ನಡ ನಿಘಂಟು, ಮಕ್ಕಳ ಪದಚೀಟಿ ಇಡಲು ಒಂದು ರಟ್ಟಿನ ಡಬ್ಬಿ ಸಿಕ್ಕರೆ ಭಾನುವಾರದ ತರಗತಿಗೆ ಸಾಕು. ಪಂಚಾಯಿತಿ ಸದಸ್ಯರನ್ನು, ಗ್ರಂಥಾಲಯ ಮೇಲ್ವಿಚಾರಕರನ್ನು ಪಾಲಕರೇ ಹೋಗಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ನಿವೃತ್ತ ಮಾಸ್ತರರು, ಅಕ್ಕೋರು ಪ್ರತಿ ಊರಿನಲ್ಲೂ ಇದ್ದಾರೆ. ಪಾಠ ಹೇಳಲು ಆಗದಿದ್ದರೂ ವಾರಕ್ಕೆ ಒಂದು ತಾಸು ಹಾಳೆ ಓದಿ ಸಾಲು ಬರೆದುಕೊಡಲು ಅವರನ್ನು ಕರೆಯಬಹುದು. ಯುಗಾದಿಯ ಹೊತ್ತಿಗೆ ಗುಳೆ ಹೋದವರು ಊರಿಗೆ ಬರುತ್ತಾರೆ. ಆ ಭಾನುವಾರ ಹೊಸ ಪಾಠ ಬೇಡ. ಬಂದ ಮಕ್ಕಳ ನೋಟ್‌ಬುಕ್ಕುಗಳನ್ನು ಎಲ್ಲರೆದುರು ಓದಿಸಿ, ಅದರ ಪದಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಸೇರಿಸಿ.